ಪೈಲಟ್ ಆಗಲು ಯಾವ ಡಿಗ್ರಿ?

ಪ್ರಶ್ನೆ: ಮಗಳು ಪ್ಲಸ್ ಟು ಕಾಮರ್ಸ್ ಮುಗಿಸಿದ್ದಾಳೆ. ಪೈಲಟ್ ಆಗಬೇಕಂತೆ. ಬಿಎಸ್ಸಿ ಏವಿಯೇಷನ್‌ಗೆ ಸೇರಿಸಲೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅವಸರ ಬೇಡ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಡಿಗ್ರಿಯನ್ನೇ ಕೇಳುವುದಿಲ್ಲ. ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಗಣಿತ ಪಾಸಾಗಿರಬೇಕು. ನಿಮ್ಮ ಮಗಳಿಗೆ ಅಡ್ಡಿ ಇದೇ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಈ ಎರಡು ವಿಷಯಗಳನ್ನಷ್ಟೇ ಬರೆಯಬಹುದು.

ಅದಕ್ಕೂ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ವೈದ್ಯಕೀಯ ತಪಾಸಣೆ) ಮಾಡಿಸಿ. ಫೀಸು ಕಟ್ಟಿದ ಮೇಲೆ ಬಣ್ಣಗುರುಡು ಪತ್ತೆಯಾದರೆ ಹಣ ಹೊಳೆಗೆ ಸುರಿದಂತೆ. ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ ಮುಂತಾದ ಪತ್ರಿಕೆಗಳಲ್ಲಿ ತಲಾ ಶೇಕಡಾ 70 ಅಂಕ ಬರಬೇಕು. ಏವಿಯೇಷನ್ ಡಿಗ್ರಿಯೊಂದೇ ಇದ್ದರೆ ಕಾಕ್‌ಪಿಟ್ ಬಾಗಿಲು ತೆರೆಯದು. ಡಿಗ್ರಿ ಬೇಕೇ ಬೇಕೆಂದರೆ ದೂರಶಿಕ್ಷಣದ ಬಿಕಾಂ ಮೇಲು: ಮುಂದೆಂದಾದರೂ ಮೆಡಿಕಲ್ ಕೈಕೊಟ್ಟರೆ ಬೇರೆ ಕೆಲಸಕ್ಕೆ ಆದೀತು.