ಗೂಬೆ ಬೇಡ, ರಿಬ್ಬನ್ ಬೇಡ, ಬಲೆ ಬಿಗಿಯಾಗಿರಲಿ

ಹಿತ್ತಲ ಕೊಳದ ಮೀನು ಬಕ, ಮಿಂಚುಳ್ಳಿಗಳ ಪಾಲಾಗದ ಹಾಗೆ ಪ್ಲಾಸ್ಟಿಕ್ ಗೂಬೆ ಇಡಲೋ, ಹೊಳೆಯುವ ರಿಬ್ಬನ್ ಕಟ್ಟಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಅಲುಗಾಡದ ಗೂಬೆಗೆ ಹಕ್ಕಿ ಕೆಲವೇ ದಿನ ಹೆದರುತ್ತೆ, ಆಮೇಲೆ ಅದರ ತಲೆ ಮೇಲೇ ಕೂತು ಮೀನು ಕಾಯುತ್ತೆ. ಬೇಕಾದ್ದು ಬಲೆ. ಆದರೆ ನಾನು ಕಟ್ಟಿದ ಹಾಗಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಅಡಿಕೆ ತೋಟದ ಪಕ್ಕ, 10 ಅಡಿಗೆ 6 ಅಡಿಯ ಕೊಳ. ಅದರ ಮೇಲೆ ತಂಗೂಸಿ ಬಲೆ ಹಾಸಿ ಅಂಚಿಗೆ ಕಲ್ಲು ಹೇರಿದ್ದೆ. ತಂಗೂಸಿ ಅಂದರೆ ನೈಲಾನ್, ನೀರು ಹೀರಿದರೆ ಉದ್ದವಾಗುತ್ತೆ. ಎರಡು ಮಳೆಗೆ ನಡುಭಾಗ ಜೋತು ನೀರಿಗೆ ತಾಗಿತು. ಕೊಳಬಕ ಅದರ ಮೇಲೇ ನಿಂತು, ಬಲೆಯ ಕಣ್ಣಿನೊಳಗೆ ಕೊಕ್ಕು ತೂರಿಸಿ ಮೀನು ಎತ್ತಿತು. ಬಕಕ್ಕೆ ನಾನೇ ಮಣೆ ಹಾಕಿದಂತಾಯಿತು. ಅದಕ್ಕಿಂತ ಕೆಟ್ಟದ್ದು ಎಳೆಯ ಸಪೂರ: ಮೇಲಿಂದ ಧುಮುಕುವ ಮಿಂಚುಳ್ಳಿಗೆ ಅದು ಕಾಣುವುದೇ ಇಲ್ಲ. ಸಿಕ್ಕಿಬಿದ್ದ ಒಂದರ ತಲೆಗೆ ಬಟ್ಟೆ ಮುಚ್ಚಿ, ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಬಿಡಿಸಿದೆ. ನೀಲಿ ಗರಿಯ ಬುಡದಲ್ಲಿ ಚರ್ಮದ ತನಕ ಕೊಯ್ದಿತ್ತು. ಅಂಚಿನ ಸಡಿಲು ಮಡಿಕೆಗೆ ಕೇರೆಹಾವೂ ಸಿಕ್ಕಿಕೊಳ್ಳುತ್ತೆ.

ಹಾಗಾಗಿ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬಲೆಯನ್ನೇ ತನ್ನಿ, ಅದು ನೀರು ಹೀರುವುದಿಲ್ಲ. ಬಣ್ಣ ಬಿಳಿಯಿರಲಿ, ಹಕ್ಕಿಗೆ ಕಾಣಬೇಕು. ಎಳೆದು ಹಿಡಿದಾಗ ಕಣ್ಣಿನೊಳಗೆ ಕಿರುಬೆರಳು ತೂರಬಾರದು. ಕೊಳದ ನಾಲ್ಕು ಮೂಲೆಗೆ, ಎರಡು ಗಿಡ್ಡ ಬದಿಗಳ ನಡುವಿಗೂ ಜಿಐ (ಸತು ಲೇಪದ ಕಬ್ಬಿಣ) ಪೈಪು ನೆಟ್ಟು, ಅಂಚಿನ ತಂತಿ ನೀರಿನಿಂದ ಒಂದೂವರೆ ಅಡಿ ಮೇಲೆ ಬರುವಂತೆ ಕಟ್ಟಿ. ಉದ್ದಕ್ಕೆ ನಡುವಿನ ತಂತಿ ಇನ್ನೂ ಒಂದಡಿ ಎತ್ತರವಿರಲಿ. ಆಗ ಬಲೆ ಮನೆಯ ಮಾಡಿನ ಹಾಗೆ ಇಳಿಜಾರಾಗಿ, ಬಿದ್ದ ಸೋಗೆ, ಎಲೆ ಜಾರಿ ಹೋಗುತ್ತೆ. ಅಡ್ಡಕ್ಕೆ ಎರಡೆರಡು ಅಡಿಗೆ ಒಂದು ತಂತಿ. ತಂತಿಯ ಒಂದು ತುದಿಗೆ ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು) ಹಾಕಿ, ತಿಂಗಳಿಗೊಮ್ಮೆ ತಿರುಗಿಸಿ ಬಿಗಿ ಮಾಡಿ. ಬಲೆಯ ಬದಿಗಳನ್ನು ನೆಲದ ತನಕ ಇಳಿಸಿ ಗೂಟ ಹೊಡೆಯಿರಿ, ಇಲ್ಲದಿದ್ದರೆ ಬಕ ಪಕ್ಕದಿಂದ ನಡೆದೇ ಒಳಗೆ ಬರುತ್ತೆ. ಮೇವು ಹಾಕುವ ಬದಿಗೆ ಮಾತ್ರ ಕೊಕ್ಕೆ ಸಾಕು.

ದಂಡೆ ಇಳಿಜಾರಿದ್ದರೆ ನೆಟ್ಟಗೆ ಕಡಿದು, ಅಂಚಿನಲ್ಲೇ ಎರಡಡಿ ಆಳ ಮಾಡಿ. ಕೊಳಬಕ ಈಜಿ ಬೇಟೆಯಾಡುವ ಹಕ್ಕಿಯಲ್ಲ, ಅದಕ್ಕೆ ಕಾಲೂರಲು ಜಾಗ ಬೇಕು. ನೀರುಕಾಗೆಗೆ ಈ ಉಪಾಯ ನಡೆಯದು, ಅದು ಮುಳುಗಿಯೇ ಅಟ್ಟಿಸಿಕೊಂಡು ಹೋಗುತ್ತೆ. ಒಂದೂವರೆ ಅಡಿ ಉದ್ದದ 110 ಎಂಎಂ ಪಿವಿಸಿ ಪೈಪಿನ ನಾಲ್ಕಾರು ತುಂಡು ತಳದಲ್ಲಿಡಿ, ಮೀನು ನುಗ್ಗಿ ಅಡಗುತ್ತೆ. ಪೈಪಿನ ಬಾಯಿಯನ್ನು ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಮೀನಿನ ಹುರುಪೆ ಕಿತ್ತು ಗಾಯವಾಗುತ್ತೆ.

ಕವಣೆ, ವಿಷದ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಗಳನ್ನು ಕೊಲ್ಲುವುದು ಅಪರಾಧ. ಬಲೆ ಕಟ್ಟಿದ ಮೊದಲ ವಾರ ಬೆಳಗ್ಗೆ, ಸಂಜೆ ಸುತ್ತ ನೋಡಿ ಬನ್ನಿ, ಜೊತೆಗೆ ಒಂದು ಕತ್ತರಿ ಇಟ್ಟುಕೊಂಡಿರಿ.