ಸೈಡ್‌ಲೈನ್ ಬಾಲ್: ಹಾಕೋದು ಯಾರು ಅಂತ ಮೊದಲು ಹೇಳಿ, ಆಮೇಲೆ ಪ್ಲೇ ಬರೀರಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬಾಸ್ಕೆಟ್‌ಬಾಲಿನ ಸೈಡ್‌ಲೈನ್ ಇನ್‌ಬೌಂಡ್ (ಪಕ್ಕದ ಲೈನ್ ಹೊರಗಿಂದ ಬಾಲ್ ಒಳಗೆ ಹಾಕೋದು) ಬಗ್ಗೆನೇ, ಅದೂ ಹಿಂದೆ ಉತ್ತರ ಕೊಟ್ಟಿರೋವೇ ತಿರುಗಾ ಬಂದಿವೆ, ಹಾಗಾಗಿ ಎಲ್ಲಾ ಒಟ್ಟಿಗೆ ಹೇಳಿಬಿಡ್ತೀನಿ. ಸ್ಕ್ರೀನ್ ಅಂದ್ರೆ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲೋದು ಅಂತ ಗೊತ್ತಿದ್ರೆ ಸಾಕು, ಅದಕ್ಕಿಂತ ಇಲ್ಲಿ ವಿವರಿಸಲ್ಲ. ರೂಲ್ಸ್ ಹೇಳೋದೆಲ್ಲ ಫಿಬಾದ್ದು (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ), ಅಮೆರಿಕದ ಲೀಗ್ ಎನ್‌ಬಿಎದ್ದಲ್ಲ.

ಪ್ರಶ್ನೆ: ಸರ್, ಕಾಲೇಜ್ ಹುಡುಗಿಯರ ಟೀಮಿಗೆ ಕೋಚ್ ನಾನು. ಕೊನೆ 8 ಸೆಕೆಂಡ್, ಒಂದು ಪಾಯಿಂಟ್ ಹಿಂದೆ, ಸೈಡ್‌ಲೈನಿಂದ ಬಾಲ್ ನಮ್ದು. ಇಂಥ ಟೈಮಲ್ಲಿ ನಾನು ಬರೆದುಕೊಡೋ ಪ್ಲೇ ಬಾಲ್ ಒಳಗೆ ಬರೋಕೆ ಮುಂಚೆನೇ ಕೆಟ್ಟುಹೋಗುತ್ತೆ. ಒಂದು ಒಳ್ಳೆ ಪ್ಲೇ ಹೇಳಿ.

ಉತ್ತರ: ನೀವು ಕಳಿಸಿರೋ ಡಯಾಗ್ರಾಮ್ ನೋಡಿದೆ. ಐದಾರು ಬಾಣ ಇದೆ, ಎರಡು ಸ್ಕ್ರೀನ್ ಇದೆ, ಆದ್ರೆ ಬಾಲ್ ಹಾಕೋದು ಯಾರು ಅಂತ ಎಲ್ಲೂ ಬರೆದಿಲ್ಲ. ತುಂಬಾ ಕೋಚ್‌ಗಳು ಮಾಡೋದೇ ಇದು, ಶೂಟ್ ಮಾಡಕ್ಕೆ ಬರದೇ ಇರೋಳನ್ನ ಲೈನ್ ಹೊರಗೆ ನಿಲ್ಲಿಸಿ ಬಾಲ್ ಹಾಕು ಅಂತಾರೆ. ಎದುರಾಳಿಗೆ ಅವಳ ಭಯ ಇಲ್ಲ, ಅವಳ ಡಿಫೆಂಡರ್ ಆರಾಮಾಗಿ ಹಿಂದೆ ಸರಿದು ನಿಮ್ಮ ಶೂಟರ್ ಮುಂದೆ ನಿಲ್ತಾಳೆ, ಒಳಗೆ ನಿಮ್ಮ ನಾಲ್ಕು ಜನಕ್ಕೆ ಅವರು ಐದು ಜನ. ಅಲ್ಲಿಗೆ ಮುಗೀತು.

2005ರ ಎನ್‌ಬಿಎ ಫೈನಲ್ಸ್ ಐದನೇ ಮ್ಯಾಚಿನ ಓವರ್‌ಟೈಮ್ ವಿಡಿಯೋ ಹುಡುಕಿ ನೋಡಿ. ಸ್ಯಾನ್ ಆಂಟೋನಿಯೋ ಎರಡು ಪಾಯಿಂಟ್ ಹಿಂದೆ, ಸೈಡ್‌ಲೈನಿಂದ ಬಾಲ್ ಹಾಕಿದ್ದು ರಾಬರ್ಟ್ ಹೊರಿ, ಹಿಡಿದಿದ್ದು ಜಿನೋಬಿಲಿ. ಡೆಟ್ರಾಯಿಟ್‌ನ ರಶೀದ್ ವಾಲೇಸ್ ಹೊರಿನ ಬಿಟ್ಟು ಜಿನೋಬಿಲಿ ಮೇಲೆ ಡಬಲ್ ಟೀಮ್‌ಗೆ (ಒಬ್ಬನನ್ನ ಇಬ್ಬರು ತಡೆಯೋಕೆ) ಓಡಿದ, ಬಾಲ್ ವಾಪಸ್ ಹೊರಿ ಕೈಗೆ, ತ್ರೀ ಪಾಯಿಂಟರ್, 96-95. ಬಾಲ್ ಹಾಕಿದ ಮೇಲೆ ಹೊರಿ ಕೆಲಸ ಮುಗೀತು ಅಂದ್ಕೊಂಡಿದ್ದಕ್ಕೆ ಡೆಟ್ರಾಯಿಟ್ ಕೈಯಿಂದ ಹೋದ ಮ್ಯಾಚ್ ಅದು.

ಹಾಗಾಗಿ ನಿಮ್ಮಲ್ಲಿ ಪಾಸೂ ಚೆನ್ನಾಗಿ ಕೊಡೋ, ಶಾಟೂ ಇರೋ ಹುಡುಗಿನೇ ಹೊರಗೆ ನಿಲ್ಲಲಿ, ಸ್ವಲ್ಪ ಎತ್ತರ ಇದ್ರೆ ಇನ್ನೂ ಒಳ್ಳೇದು. ಉಳಿದೋರಿಗೆ ಬಾಕ್ಸ್ ಸೆಟ್ ಸಾಕು. ಫ್ರೀ ಥ್ರೋ ಲೈನಿನ ಎರಡು ತುದಿಗೆ ಇಬ್ಬರು ಎತ್ತರದೋರು, ಕೆಳಗೆ ಬಾಲ್ ಕಡೆಗೆ ಶೂಟರ್, ಆಚೆ ಕಡೆಗೆ ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸೋಳು). ರೆಫ್ರಿ ಬಾಲ್ ಕೊಟ್ಟ ತಕ್ಷಣ ಶೂಟರ್ ಬೇಸ್‌ಲೈನ್ ಹಿಡಿದು ಆಚೆ ಮೂಲೆಗೆ ಓಡ್ತಾಳೆ, ಡಿಫೆಂಡರ್ ಅವಳ ಹಿಂದೆನೇ ಹೋಗ್ತಾಳೆ, ಬಾಲ್ ಕಡೆ ರಿಂಗ್ ತನಕ ಜಾಗ ಖಾಲಿ ಆಯ್ತು. ಅದೇ ಹೊತ್ತಿಗೆ ಪಾಯಿಂಟ್ ಗಾರ್ಡ್ ಆಚೆ ತುದಿಯೋಳ ಸ್ಕ್ರೀನ್ ಉಜ್ಜಿಕೊಂಡು ಮೇಲೆ ಬಂದು ಬಾಲ್ ಹಿಡೀತಾಳೆ. ಈಗ ಬಾಲ್ ಹಾಕಿದೋಳ ಡಿಫೆಂಡರ್ ಏನ್ಮಾಡ್ತಾಳೆ ಅಂತ ನೋಡಿ, ಬಾಲ್ ಎಲ್ಲಿಗೆ ಹೋಯ್ತು ಅಂತ ತಲೆ ತಿರುಗಿಸೇ ತಿರುಗಿಸ್ತಾಳೆ. ಆ ತಲೆ ತಿರುಗೋ ಹೊತ್ತಿಗೆ ಸರಿಯಾಗಿ ಈ ಕಡೆ ತುದಿಯೋಳು ಎರಡು ಹೆಜ್ಜೆ ಹೊರಗೆ ಬಂದು ಆ ಡಿಫೆಂಡರ್‌ಗೇ ಸ್ಕ್ರೀನ್ ಹಾಕಬೇಕು, ಬಾಲ್ ಹಾಕಿದೋಳು ಒಳಗೆ ಕಾಲಿಟ್ಟು ಸೀದಾ ರಿಂಗ್ ಕಡೆಗೆ. ಡಿಫೆಂಡರ್ ಮುಂಚೆನೇ ರಿಂಗ್ ಕಡೆ ಸರಿದಿದ್ರೆ ಓಡೋದು ಬೇಡ, ಸ್ಕ್ರೀನ್ ಹಿಂದೆನೇ ನಿಂತು ಶಾಟ್ ತಗೊಳ್ಳಲಿ.

ಪಾಯಿಂಟ್ ಗಾರ್ಡ್‌ನ ಗಟ್ಟಿಯಾಗಿ ಡಿನೈ ಮಾಡಿದ್ರೆ, ಅಂದ್ರೆ ಪಾಸ್ ಸಿಗದ ಹಾಗೆ ಅಡ್ಡ ನಿಂತ್ರೆ? ಬಾಲ್ ಹಾಕೋಕೆ ಇರೋದು ಐದೇ ಸೆಕೆಂಡ್. ಹಾಕೋಳು ಮನಸ್ಸಲ್ಲಿ ಎಣಿಸ್ತಿರಬೇಕು, ಎರಡರ ತನಕ ಗಾರ್ಡ್‌ನ ನೋಡಬೇಕು, ಮೂರಕ್ಕೆ ಬಾಲ್ ಕಡೆ ಎತ್ತರದೋಳು ಹೇಳಿಸಿಕೊಳ್ಳದೇ ಬಾಲಿಗೆ ಎದುರು ಬರಬೇಕು, ಹಿಡಿದ ಮೇಲೆ ಹಾಕಿದೋಳು ಅವಳನ್ನ ಸುತ್ತಿಕೊಂಡು ಹ್ಯಾಂಡ್‌ಆಫ್ (ಕೈಯಿಂದ ಕೈಗೆ ಬಾಲ್) ತಗೋಬೇಕು. ಸಿಕ್ಕಿಹಾಕ್ಕೊಂಡ್ರೆ ಟೈಮ್‌ಔಟ್ ಕೇಳ್ತೀವಿ ಅಂತ ಬರೆದಿದ್ದೀರಲ್ಲ, ಓದಿ ಗಾಬರಿ ಆಯ್ತು. ಹಾಕೋಳ ಕೈಗೆ ಬಾಲ್ ಬಂದ ಮೇಲೆ ಫಿಬಾದಲ್ಲಿ ಟೈಮ್‌ಔಟ್ ಸಿಗಲ್ಲ ರೀ, ಕೋಚ್ ಕೇಳಿದ್ರೂ ಇಲ್ಲ, ಪ್ಲೇಯರ್ ಅಂತೂ ಯಾವಾಗಲೂ ಕೇಳೋ ಹಾಗಿಲ್ಲ. ಟಿವಿಲಿ ಎನ್‌ಬಿಎ ನೋಡಿ ಮಕ್ಕಳು ಕೈಯಲ್ಲಿ ಟಿ ತೋರಿಸ್ತಾರೆ, ಅಷ್ಟರಲ್ಲಿ ಐದು ಸೆಕೆಂಡ್ ಮುಗಿದಿರುತ್ತೆ.

ದಿನಾ ಪ್ರಾಕ್ಟೀಸ್ ಕೊನೆಗೆ, ಸುಸ್ತಾಗಿರೋವಾಗಲೇ, ನೀವು ಜೋರಾಗಿ ಐದು ಎಣಿಸ್ತಾ ಇದನ್ನ ಮಾಡಿಸಿ. ಟೈಮ್‌ಔಟ್‌ನಲ್ಲಿ ಹೊಸ ಪ್ಲೇ ಬರೀಲೇಬೇಡಿ.

ಪ್ರಶ್ನೆ: ಬಾಲ್ ಹಾಕೋನು ಪಿವಟ್ ಕಾಲು (ನೆಲಕ್ಕೆ ಊರಿ ಅದರ ಮೇಲೆ ತಿರುಗೋ ಕಾಲು) ಎತ್ತೋ ಹಾಗಿಲ್ಲ ಅಂತ ನಮ್ಮ ಪಿಟಿ ಸರ್ ಹೇಳ್ತಾರೆ, ನಿಜಾನಾ?

ಉತ್ತರ: ಶುದ್ಧ ಸುಳ್ಳು. ಪಕ್ಕಕ್ಕೆ ಒಂದು ದಿಕ್ಕಲ್ಲೋ ಎರಡೂ ದಿಕ್ಕಲ್ಲೋ ಒಟ್ಟು 1 ಮೀಟರ್ ತನಕ ಸರೀಬಹುದು, ಹಿಂದಕ್ಕೆ ಜಾಗ ಇರೋವಷ್ಟು ಹೋಗಬಹುದು. ಡಿಫೆಂಡರ್ ಕೈ ಅಡ್ಡ ಇದ್ರೆ ಒಂದು ಹೆಜ್ಜೆ ಹಿಂದೆ ಹೋದ್ರೆ ಸಾಕು ಪಾಸ್ ಕಾಣುತ್ತೆ, ಅದನ್ನೇ ಮಾಡಬೇಡ ಅಂತ ಹೇಳಿಕೊಡ್ತಿದ್ದಾರಲ್ಲ ಅಂತ ಬೇಜಾರಾಗುತ್ತೆ.

ಪ್ರಶ್ನೆ: ನಮ್ಮ ಕೋರ್ಟ್ ಲೈನಿಗೆ ಅಂಟಿಕೊಂಡೇ ಬೇಲಿ ಇದೆ, ಹಿಂದೆ ಹೋಗಕ್ಕೆ ಜಾಗನೇ ಇಲ್ಲ.

ಉತ್ತರ: ಹೊರಗೆ 2 ಮೀಟರ್‌ಗಿಂತ ಕಮ್ಮಿ ಜಾಗ ಇದ್ರೆ ಹಾಕೋನಿಂದ 1 ಮೀಟರ್ ಒಳಗೆ ಯಾರೂ ನಿಲ್ಲೋ ಹಾಗಿಲ್ಲ. ಮ್ಯಾಚ್ ಶುರುವಾಗೋ ಮುಂಚೆನೇ ರೆಫ್ರಿಗೆ ನೆನಪಿಸಿ.

ಪ್ರಶ್ನೆ: 0.2 ಸೆಕೆಂಡ್ ಉಳಿದಾಗ ಕ್ಯಾಚ್ ಆಂಡ್ ಶೂಟ್‌ಗೆ ಯಾವ ಪ್ಲೇ?

ಉತ್ತರ: ಯಾವುದೂ ಇಲ್ಲ. ಹಿಡಿದು ಶೂಟ್ ಮಾಡಕ್ಕೆ 0.3 ಇರಲೇಬೇಕು. ರಿಂಗ್ ಹತ್ತಿರ ಎತ್ತರಕ್ಕೆ ಎಸೀರಿ, ಟ್ಯಾಪ್ ಮಾಡಿ (ಹಿಡೀದೇ ಕೈಯಿಂದ ತಟ್ಟಿ), ಇಲ್ಲ ಡಂಕ್ ಮಾಡಿ.

ಪ್ರಶ್ನೆ: "ಯಾರೂ ತಡೆಯೋಕಾಗದ ನೂರು ಪ್ಲೇ" ಅಂತ ಒಂದು ಪಿಡಿಎಫ್ ಮಾರ್ತಿದ್ದಾರೆ, ತಗೋಬಹುದಾ?

ಉತ್ತರ: ದುಡ್ಡು ಹಾಳು ಮಾಡಬೇಡಿ. ಅದೇ ದುಡ್ಡಲ್ಲಿ ಎರಡು ಬಾಲ್ ತಗೊಳ್ಳಿ. ಎದುರಾಳಿ ಡಿಫೆಂಡರ್‌ಗಳು ಸ್ವಿಚ್ ಮಾಡಿದ್ರೆ (ತಾವು ಕಾಯೋರನ್ನ ಅದಲುಬದಲು ಮಾಡ್ಕೊಂಡ್ರೆ) ಏನ್ಮಾಡ್ಬೇಕು ಅಂತ ಹೇಳದೇ ಇರೋ ಪ್ಲೇ ಪ್ಲೇನೇ ಅಲ್ಲ.

ಪ್ರಶ್ನೆ: ಕೊನೆ 2 ನಿಮಿಷದಲ್ಲಿ ಬ್ಯಾಕ್‌ಕೋರ್ಟಲ್ಲಿ (ನಾವು ಕಾಯೋ ರಿಂಗ್ ಇರೋ ಅರ್ಧದಲ್ಲಿ) ಬಾಲ್ ನಮ್ದಿದ್ದು ಟೈಮ್‌ಔಟ್ ತಗೊಂಡ್ರೆ ಬಾಲ್ ಮುಂದಕ್ಕೆ ತಗೋಬಹುದಲ್ಲ, ಯಾವಾಗಲೂ ತಗೊಳ್ಳೋದೇ ಸರಿನಾ?

ಉತ್ತರ: ಸ್ಕೋರಲ್ಲಿ ಹಿಂದೆ ಇದ್ರೆ ತಗೊಳ್ಳಿ. ಲೀಡಲ್ಲಿದ್ರೆ ಯೋಚನೆ ಮಾಡಿ, ಮುಂದೆ ತಗೊಂಡ್ರೆ ಶಾಟ್ ಕ್ಲಾಕಲ್ಲಿ (ಶಾಟ್ ತಗೊಳ್ಳೋಕೆ ಇರೋ ಟೈಮಲ್ಲಿ) 14 ಸೆಕೆಂಡಿಗಿಂತ ಜಾಸ್ತಿ ಸಿಗಲ್ಲ, ಬ್ಯಾಕ್‌ಕೋರ್ಟಲ್ಲೇ ಉಳಿಸ್ಕೊಂಡ್ರೆ ಕ್ಲಾಕಲ್ಲಿ ಇದ್ದಷ್ಟೂ ನಿಮ್ದೇ. ನಿಮ್ಮ ಗಾರ್ಡ್ ಪ್ರೆಸ್‌ಗೆ (ಎದುರಾಳಿ ಬ್ಯಾಕ್‌ಕೋರ್ಟಿಂದಲೇ ಮೈಮೇಲೆ ಬಂದು ಒತ್ತಿದ್ರೆ) ಬಾಲ್ ಕಳ್ಕೊಳ್ಳೋಳಾದ್ರೆ ಮಾತ್ರ ಲೀಡಲ್ಲಿದ್ರೂ ಮುಂದೆನೇ ತಗೊಳ್ಳಿ.