ಎರಡೇ ಪಾರ್ಟಿ ಗಟ್ಟಿಯಾಗಿ ಕೂತಿರೋ ಕಡೆ ಮೂರನೇದಕ್ಕೆ ಜಾಗ ಇದೆಯಾ?

ಅಮೆರಿಕದಲ್ಲಿ ಡೆಮಾಕ್ರಾಟ್, ರಿಪಬ್ಲಿಕನ್ ಎರಡನ್ನೂ ಬೈಯೋರು ಇಷ್ಟೊಂದು ಜನ ಇದ್ದಾರೆ, ಆದ್ರೂ ಮೂರನೇ ಪಾರ್ಟಿ ಯಾಕೆ ಮೇಲೇಳಲ್ಲ, ಮುಂದೆ ಏಳೋ ಚಾನ್ಸ್ ಆದ್ರೂ ಇದೆಯಾ ಅಂತ ಕೇಳಿದೀರ. ಹಳೇ ಎಲೆಕ್ಷನ್ ರಿಸಲ್ಟ್ ಕೆದಕ್ತಾ ಕೂರೋ ಚಟ ನನಗಿದೆ, ಹಂಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ. ಚಾಲೆಂಜ್ ಮಾಡಬಹುದು, ಮಾಡಿದ್ದೂ ಇದೆ, ಆದ್ರೆ ಎಲ್ಲರ ಕಣ್ಣು ಬೀಳೋ ಪ್ರೆಸಿಡೆಂಟ್ ಎಲೆಕ್ಷನ್ ಇದೆಯಲ್ಲ, ಅಲ್ಲಿಂದ ಶುರು ಮಾಡೋದು ಶುದ್ಧ ದಡ್ಡತನ ಅನ್ನೋದು ನನ್ನ ಅಭಿಪ್ರಾಯ.

1992ರ ರಾಸ್ ಪೆರೋ ಕಥೆ ನೋಡಿ. ಎರಡೂ ಪಾರ್ಟಿ ಬಿಟ್ಟು ಪ್ರೆಸಿಡೆಂಟ್ ಎಲೆಕ್ಷನ್‌ಗೆ ಸ್ವತಂತ್ರವಾಗಿ ನಿಂತ ಕೋಟ್ಯಧಿಪತಿ, ಸ್ವಂತ ದುಡ್ಡಲ್ಲಿ ಟಿವಿ ಟೈಮ್ ಕೊಂಡು ಚಾರ್ಟ್ ಹಿಡ್ಕೊಂಡು ದೇಶದ ಸಾಲದ ಬಗ್ಗೆ ಪಾಠ ಮಾಡ್ದ, ಜನ ಕೂತು ನೋಡಿದ್ರು ಕೂಡ. ಜೂನಲ್ಲಿ ಪೋಲ್‌ಗಳಲ್ಲಿ ಮುಂದಿದ್ದ, ಜುಲೈಯಲ್ಲಿ ರೇಸ್ ಬಿಟ್ಟ, ಅಕ್ಟೋಬರಲ್ಲಿ ವಾಪಸ್ ಬಂದ, ಇಷ್ಟೆಲ್ಲಾ ಎಡವಟ್ಟು ಮಾಡ್ಕೊಂಡೂ ಸುಮಾರು 19 ಪರ್ಸೆಂಟ್ ವೋಟ್ ತಗೊಂಡ. ಎಲೆಕ್ಟೋರಲ್ ವೋಟ್, ಅಂದ್ರೆ ಸ್ಟೇಟ್‌ಗಳಿಗೆ ಹಂಚಿರೋ, ಪ್ರೆಸಿಡೆಂಟ್ ಯಾರು ಅಂತ ಕೊನೆಗೆ ತೀರ್ಮಾನ ಮಾಡೋ ವೋಟು ಎಷ್ಟು? ಸೊನ್ನೆ. ಯಾಕಂದ್ರೆ ಹೆಚ್ಚುಕಮ್ಮಿ ಎಲ್ಲಾ ಸ್ಟೇಟಲ್ಲೂ ಮೊದಲು ಬಂದವನಿಗೇ ಅಲ್ಲಿನ ಅಷ್ಟೂ ಎಲೆಕ್ಟೋರಲ್ ವೋಟ್, ಪೆರೋ ಮೇನ್, ಯೂಟಾದಲ್ಲಿ ಎರಡನೇ ಜಾಗಕ್ಕೆ ಬಂದಿದ್ದ ಅಷ್ಟೇ, ಮೊದಲನೇ ಜಾಗ ಎಲ್ಲೂ ಇಲ್ಲ.

ಇದಕ್ಕಿಂತ ಚೆನ್ನಾಗಿ ಅರ್ಥ ಆಗ್ಬೇಕಂದ್ರೆ 1948ಕ್ಕೆ ಹೋಗ್ಬೇಕು. ಆ ವರ್ಷ ಡೆಮಾಕ್ರಾಟ್ ಪಾರ್ಟಿ ಎರಡೂ ಕಡೆಯಿಂದ ಒಡೀತು, ಎಡಕ್ಕೆ ಹೆನ್ರಿ ವಾಲೇಸ್, ವರ್ಣಭೇದ ಬಿಡಲ್ಲ ಅಂತ ಹಠ ಹಿಡಿದ ದಕ್ಷಿಣದ ಕಡೆಯಿಂದ ಸ್ಟ್ರಾಮ್ ಥರ್ಮಂಡ್. ಇಬ್ಬರಿಗೂ ಬಂದಿದ್ದು ಹತ್ತತ್ರ 2.4 ಪರ್ಸೆಂಟ್ ವೋಟು. ಆದ್ರೆ ಥರ್ಮಂಡ್‌ಗೆ 39 ಎಲೆಕ್ಟೋರಲ್ ವೋಟ್, ವಾಲೇಸ್‌ಗೆ ಒಂದೂ ಇಲ್ಲ. ಥರ್ಮಂಡ್ ವೋಟೆಲ್ಲ ದಕ್ಷಿಣದ ಕೆಲವೇ ಸ್ಟೇಟಲ್ಲಿ ಗುಡ್ಡೆ ಬಿದ್ದಿತ್ತು, ಅದ್ರ ಮೇಲೆ ಅವನು ಗೆದ್ದ ನಾಲ್ಕು ಸ್ಟೇಟಲ್ಲೂ ಲೋಕಲ್ ಲೀಡರ್‌ಗಳು ಅವನನ್ನೇ ಡೆಮಾಕ್ರಾಟ್ ಪಾರ್ಟಿ ಅಭ್ಯರ್ಥಿ ಅಂತ ಬ್ಯಾಲೆಟ್ ಮೇಲೆ ಹಾಕಿಸಿಬಿಟ್ಟಿದ್ರು, ಅಲಬಾಮಾದಲ್ಲಂತೂ ಹಾಲಿ ಪ್ರೆಸಿಡೆಂಟ್ ಟ್ರೂಮನ್ ಹೆಸರೇ ಬ್ಯಾಲೆಟಲ್ಲಿ ಇರ್ಲಿಲ್ಲ! ಅಂದ್ರೆ ಥರ್ಮಂಡ್ ಗೆದ್ದಿದ್ದು ಹೊಸ ಪಾರ್ಟಿ ಕಟ್ಟಿ ಅಲ್ಲ, ಹಳೇ ಪಾರ್ಟಿ ಬೋರ್ಡ್ ಕಿತ್ಕೊಂಡು.

ಬ್ರಿಟನ್‌ನಲ್ಲೂ ಇದೇ ಪಾಡು. 1983ರಲ್ಲಿ ಎಸ್‌ಡಿಪಿ, ಲಿಬರಲ್ ಅನ್ನೋ ಎರಡು ಸಣ್ಣ ಪಾರ್ಟಿಗಳ ಮೈತ್ರಿಕೂಟಕ್ಕೆ 25 ಪರ್ಸೆಂಟ್ ದಾಟಿ ವೋಟ್ ಬಂತು, ಸೀಟು 23. ಅಲ್ಲಿನ ಎರಡು ದೊಡ್ಡ ಪಾರ್ಟಿಗಳಲ್ಲಿ ಒಂದಾದ ಲೇಬರ್‌ಗೆ ಅದಕ್ಕಿಂತ ಬರೀ ಎರಡು ಪರ್ಸೆಂಟ್ ಜಾಸ್ತಿ, ಸೀಟು 209. ವೋಟು ದೇಶದ ತುಂಬಾ ತೆಳ್ಳಗೆ ಹರಡಿದ್ರೆ ಇದೇ ಗತಿ, ಒಂದು ಕಡೆ ಒಟ್ಟಾಗಿ ಬಿದ್ರೆ ಮಾತ್ರ ಲೆಕ್ಕಕ್ಕೆ ಬರುತ್ತೆ. 2015ರಲ್ಲಿ ಸ್ಕಾಟ್ಲೆಂಡಲ್ಲಿ ಮಾತ್ರ ಕ್ಯಾಂಡಿಡೇಟ್ ನಿಲ್ಲಿಸಿದ ಎಸ್‌ಎನ್‌ಪಿ ಅನ್ನೋ ಪಾರ್ಟಿ ಇಡೀ ದೇಶದ ಲೆಕ್ಕದಲ್ಲಿ 5 ಪರ್ಸೆಂಟೂ ಇಲ್ದೇ 56 ಸೀಟ್ ಹೊಡೀತು, 12 ಪರ್ಸೆಂಟ್ ದಾಟಿದ ಯುಕಿಪ್ ಅನ್ನೋ ಪಾರ್ಟಿಗೆ ಒಂದೇ ಒಂದು.

ಹಂಗಂತ ಸೋತವರೆಲ್ಲ ಬರಿಗೈಲಿ ಹೋದ್ರು ಅನ್ನೋಕಾಗಲ್ಲ. 1892ರಲ್ಲಿ ಪಾಪ್ಯುಲಿಸ್ಟ್ ಪಾರ್ಟಿ ಅಂತ ಒಂದಿತ್ತು, ರೈತರ ಬೆಂಬಲದ್ದು, 22 ಎಲೆಕ್ಟೋರಲ್ ವೋಟ್ ತಗೊಳ್ತು. ಆದಾಯ ತೆರಿಗೆ ಬೇಕು, ಸೆನೆಟರ್‌ಗಳನ್ನ ಜನಾನೇ ನೇರವಾಗಿ ಆರಿಸ್ಬೇಕು ಅಂತೆಲ್ಲ ಕೇಳ್ತಿತ್ತು. ನಾಲ್ಕೇ ವರ್ಷಕ್ಕೆ ಡೆಮಾಕ್ರಾಟರು ಅವರ ಮುಖ್ಯ ಬೇಡಿಕೆಗಳನ್ನ ಎತ್ಕೊಂಡು ಅದನ್ನ ಹೆಚ್ಚುಕಮ್ಮಿ ನುಂಗಿಬಿಟ್ರು, ಪಾರ್ಟಿ ಮುಗೀತು, ಆದ್ರೆ 1913ರಲ್ಲಿ ಆ ಎರಡೂ ಬೇಡಿಕೆ ಸಂವಿಧಾನದೊಳಗೇ ಸೇರ್ಕೊಂಡ್ವು. ಹೆಸರು ಉಳೀಬೇಕಾ, ಕೆಲಸ ಆಗ್ಬೇಕಾ ಅಂತ ಮೊದಲೇ ತೀರ್ಮಾನ ಮಾಡ್ಕೊಂಡ್ರೆ ಒಳ್ಳೇದು.

ನಿಜವಾಗ್ಲೂ ಹಳೇ ಪಾರ್ಟಿನ ಎಬ್ಬಿಸಿ ಆ ಜಾಗದಲ್ಲಿ ಕೂತಿದ್ದು ಅಂದ್ರೆ ಇವತ್ತಿನ ರಿಪಬ್ಲಿಕನ್ ಪಾರ್ಟಿನೇ. 1854ರಲ್ಲಿ ಹುಟ್ಟಿ 1860ಕ್ಕೆ ಲಿಂಕನ್ ಪ್ರೆಸಿಡೆಂಟ್. ಆದ್ರೆ ಅದು ಗಟ್ಟಿಯಾಗಿದ್ದ ಪಾರ್ಟಿನ ಹೊಡೆದು ಬೀಳಿಸಿದ್ದಲ್ಲ, ಗುಲಾಮಗಿರಿ ವಿಷ್ಯದಲ್ಲಿ ಅಲ್ಲಿವರೆಗೆ ಎರಡು ದೊಡ್ಡ ಪಾರ್ಟಿಗಳಲ್ಲಿ ಒಂದಾಗಿದ್ದ ವಿಗ್ ಪಾರ್ಟಿ ತಾನೇ ಹೋಳಾಗಿತ್ತು, ಖಾಲಿ ಆದ ಜಾಗಕ್ಕೆ ಇವರು ಬಂದ್ರು. ಅಷ್ಟು ದೊಡ್ಡ ಬಿರುಕು ದಿನಾ ಬರಲ್ಲ, ಬರೋವರೆಗೆ ಸುಮ್ನೆ ಕಾಯ್ಬೇಕು.

ಕಾಯೋಕೆ ಪುರುಸೊತ್ತಿಲ್ಲದವರು ಒಳಗಿಂದ ನುಗ್ತಾರೆ. ಇದಕ್ಕೆ ಟ್ರಂಪ್‌ಗಿಂತ ಉದಾಹರಣೆ ಬೇಕಾ? 2000ದ ಎಲೆಕ್ಷನ್‌ಗೆ ಇದೇ ಪೆರೋ ಕಟ್ಟಿದ ರಿಫಾರ್ಮ್ ಪಾರ್ಟಿ ಟಿಕೆಟ್‌ಗೆ ಟ್ರೈ ಮಾಡಿ ಫೆಬ್ರವರಿಲೇ ಕೈಬಿಟ್ಟ ಮನುಷ್ಯ, 2016ರಲ್ಲಿ ರಿಪಬ್ಲಿಕನ್ ಪ್ರೈಮರಿ (ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ವೋಟರ್‌ಗಳೇ ಆರಿಸೋ ಎಲೆಕ್ಷನ್) ಗೆದ್ದು ಆ ಪಾರ್ಟಿನೇ ತನ್ನದು ಮಾಡ್ಕೊಂಡ್ರು. ಪ್ರೈಮರಿ ಅನ್ನೋ ಬಾಗಿಲು ಇಷ್ಟು ಅಗಲ ತೆಗೆದಿರೋದ್ರಿಂದಾನೇ ಅಲ್ಲಿ ಮೂರನೇ ಪಾರ್ಟಿಗಳು ಬೆಳೆಯಲ್ಲ ಅಂತ ನನಗನ್ಸುತ್ತೆ, ಸಿಟ್ಟಿರೋರಿಗೆ ಹೊರಗೆ ಹೋಗೋ ಅಗತ್ಯಾನೇ ಬೀಳಲ್ಲ.

ಇನ್ನೊಂದು ದಾರಿ ಆಟದ ರೂಲ್ಸೇ ಬದಲಾಯಿಸೋದು. ನ್ಯೂಜಿಲೆಂಡಲ್ಲಿ 1978, 1981 ಎರಡು ಸಲಾನೂ ಜಾಸ್ತಿ ವೋಟ್ ತಗೊಂಡ ಲೇಬರ್ ವಿರೋಧ ಪಕ್ಷದಲ್ಲಿ ಕೂತಿತ್ತು, 1981ರಲ್ಲಿ 20 ಪರ್ಸೆಂಟ್ ದಾಟಿದ ಸೋಶಿಯಲ್ ಕ್ರೆಡಿಟ್ ಅನ್ನೋ ಮೂರನೇ ಪಾರ್ಟಿಗೆ ಎರಡೇ ಸೀಟು. ಕೊನೆಗೆ 1993ರಲ್ಲಿ ಜನ ರೆಫರೆಂಡಮ್ ಮಾಡಿ ವೋಟಿಗೆ ತಕ್ಕ ಸೀಟು ಸಿಗೋ ಪದ್ಧತಿ ತಂದ್ರು, ಅಲ್ಲಿಂದ ಒಂದೇ ಪಾರ್ಟಿಗೆ ಬಹುಮತ ಬಂದಿದ್ದು 2020ರಲ್ಲಿ ಮಾತ್ರ. ಅಮೆರಿಕದ ಮೇನ್ ಸ್ಟೇಟಲ್ಲಿ 40 ಪರ್ಸೆಂಟೂ ಇಲ್ದೇ ಒಬ್ಬ ಗವರ್ನರ್ ಗೆದ್ದ, ಅದು ಜನಕ್ಕೆ ಚುಚ್ತು, 2016ರಲ್ಲಿ ಅಲ್ಲೂ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ರ‍್ಯಾಂಕ್ ಕೊಡೋ ಪದ್ಧತಿಗೆ ಓಕೆ ಅಂದ್ರು.

ಮೂರನೇ ಪಾರ್ಟಿಗೆ ಹಾಕಿದ್ರೆ ವೋಟ್ ವೇಸ್ಟಾ ಅಂತಾನೂ ಕೇಳಿದ್ರಿ. ಎಲ್ಲಿ ಹಾಕ್ತೀರ ಅನ್ನೋದ್ರ ಮೇಲಿದೆ. 2000ದಲ್ಲಿ ಫ್ಲೋರಿಡಾದಲ್ಲಿ ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ 97 ಸಾವಿರ ದಾಟಿ ವೋಟ್ ಬಿತ್ತು, ರಿಪಬ್ಲಿಕನ್ ಬುಷ್ ಅಲ್ಲಿ ಡೆಮಾಕ್ರಾಟ್ ಗೋರ್ ಮೇಲೆ ಗೆದ್ದಿದ್ದು 537 ವೋಟಲ್ಲಿ, ನೇಡರ್‌ನಿಂದಾನೇ ಗೋರ್ ಸೋತ ಅನ್ನೋ ಬೈಗುಳ ಇವತ್ತಿಗೂ ನಿಂತಿಲ್ಲ. ಒಂದೇ ಪಾರ್ಟಿ ಕಣ್ಮುಚ್ಕೊಂಡು ಗೆಲ್ಲೋ ಸ್ಟೇಟಲ್ಲಿ ಹಾಕಿದ್ರೆ ಮಾತ್ರ ಕಳ್ಕೊಳ್ಳೋದೇನಿಲ್ಲ, ಲಾಭಾನೂ ಆಗಬಹುದು, ದೇಶದ ಲೆಕ್ಕದಲ್ಲಿ 5 ಪರ್ಸೆಂಟ್ ದಾಟಿದ್ರೆ ಮುಂದಿನ ಸಲ ಸರ್ಕಾರದಿಂದ ಪ್ರಚಾರಕ್ಕೆ ದುಡ್ಡು ಸಿಗುತ್ತೆ. ಪೆರೋ 1996ರಲ್ಲಿ 8 ಪರ್ಸೆಂಟ್ ತಗೊಂಡಿದ್ದಕ್ಕೆ 2000ದಲ್ಲಿ ರಿಫಾರ್ಮ್ ಪಾರ್ಟಿಗೆ 1.2 ಕೋಟಿ ಡಾಲರ್ ಮೇಲೆ ಸಿಕ್ತು. ಆ ಟಿಕೆಟ್ಟಿಗೆ, ಆ ದುಡ್ಡಿಗೆ ಒಳಗೊಳಗೇ ಕಿತ್ತಾಡಿ ಎರಡು ಬಣ ಆಗಿ ಬೇರೆ ಬೇರೆ ಸಮಾವೇಶ ಮಾಡಿದ್ರು, ಕೊನೆಗೆ ದುಡ್ಡು ಪ್ಯಾಟ್ ಬುಕ್ಯಾನನ್ ಪಾಲಾಯ್ತು, ಅವನಿಗೆ ಬಂದಿದ್ದು ಅರ್ಧ ಪರ್ಸೆಂಟೂ ಇಲ್ಲ.